ಸದ್ದು ಕೇಳಿ ಲ್ಯಾಪ್‌ಟಾಪ್ ಆರಿಸಿಕೊಡುವ ಅಕ್ಕ

ಬೀದಿ ಇನ್ನೂ ಪೂರ್ತಿ ಎದ್ದಿಲ್ಲ. ಅಂಗಡಿಯ ಷಟರ್ ಅರ್ಧ ಎತ್ತಿ ಒಳಗೆ ನುಸುಳುವ ಮಾರಾಟದ ಹೆಂಗಸು, ಗಿರಾಕಿಗಳ ಬಾಯಲ್ಲಿ ಲ್ಯಾಪ್‌ಟಾಪ್ ಅಕ್ಕ, ದೀಪ ಹಾಕುತ್ತಾರೆ, ಸೀಲಿಂಗ್ ಫ್ಯಾನ್ ಮಾತ್ರ ಹಾಕುವುದಿಲ್ಲ. ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಡುತ್ತಾರೆ. ಒಂದು ದಪ್ಪನೆಯದು, ಎಂಥ ಕೆಲಸ ಹೇರಿದರೂ ಜಗ್ಗದ ಗಟ್ಟಿಗ. ಇನ್ನೊಂದು ತೆಳ್ಳಗಿನದು, ಕಡಿಮೆ ಬೆಲೆಯದು.

ಇಷ್ಟು ಬೇಗ, ಬೀದಿಯ ಗದ್ದಲಕ್ಕೂ ಮುಂಚೆ, ಬರಹೇಳಿರುವುದು ಒಬ್ಬ ನಿವೃತ್ತ ಡ್ರೈವರಿಗೆ. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಹೋಗಿದೆ. ಫೋನಿನ ಪುಟ್ಟ ಅಕ್ಷರಗಳಿಗೆ ದಪ್ಪ ಬೆರಳು ಒಗ್ಗಿಲ್ಲ. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವ ಲ್ಯಾಪ್‌ಟಾಪೇ ಇನ್ನು ಅವರ ಬಾಯಿ.

"ದೊಡ್ಡದನ್ನೇ ಕೊಡಮ್ಮ," ಎನ್ನುತ್ತಾರೆ ಜೊತೆಗೆ ಬಂದ ಹೆಂಡತಿ. "ಮೊದಲು ನನಗೆ ಬಾಯಿ ತೆರೆಯೋಕೇ ಬಿಡ್ತಿರ್ಲಿಲ್ಲ ಇವರು. ಈಗ ಮನೆಯೆಲ್ಲ ಬಿಕೋ ಅನ್ನುತ್ತೆ."

"ಇರಿ ಅಮ್ಮ, ಅವರು ಕೂತು ಮಾತಾಡ್ಲಿ. ಆಮೇಲೆ ನೋಡೋಣ."

ಇದೇ ಅಕ್ಕನ ಪದ್ಧತಿ. ಯಾರೇ ಬರಲಿ, ಅವರ ಕೆಲಸವನ್ನು ಇಲ್ಲೇ ಕೂತು ಮಾಡಿ ನೋಡಬೇಕು. ರಿಪೇರಿ ಬೆಂಚಿನಲ್ಲಿ ಧೂಳು ತೆಗೆಯುತ್ತಿದ್ದ ಅಕ್ಕ ಮಾರಾಟಕ್ಕೆ ಬಂದ ಹೊಸತರಲ್ಲಿ, ಮನೆಗಳ ನಕ್ಷೆ ಬಿಡಿಸುವ ಹುಡುಗಿಗೆ ಅಗ್ಗದ್ದೇ ಸಾಕೆಂದು ಕೊಟ್ಟುಬಿಟ್ಟಿದ್ದರು. ನಕ್ಷೆ ತೋರಿಸುವ ದಿನವೇ ಅದು ಕೈಕೊಟ್ಟಿತು. "ಆ ಮಗು ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತೆ," ಎನ್ನುತ್ತಾರೆ ಅಕ್ಕ. ದಿನಕ್ಕೆ ಹದಿನೈದು ಇಪ್ಪತ್ತು ಜನ ಬರುತ್ತಾರೆ, ಕೊಳ್ಳುವವರು ನಾಲ್ಕೈದು. ಇರುವುದು ಒಂದೇ ಕುರ್ಚಿ, ಅದು ಗಿರಾಕಿಗೆ. ಸಂಜೆಯ ಹೊತ್ತಿಗೆ ಅಕ್ಕನ ಕಾಲು ಊದಿಕೊಂಡಿರುತ್ತದೆ. ಇದೇನು ಅಂಗಡಿಯೋ ಪರೀಕ್ಷಾ ಕೇಂದ್ರವೋ ಎಂದು ಓನರ್ ಗೊಣಗುವುದು ತಪ್ಪಿಲ್ಲ.

ಡ್ರೈವರ್ ದಪ್ಪನೆಯದರಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾರೆ. ಅದು ಮಾತಾಡುತ್ತದೆ, ಆದರೆ ಒಳಗಿನ ಫ್ಯಾನ್ ಗುಂಯ್ ಎಂದು ಮಾತನ್ನೇ ನುಂಗುತ್ತದೆ. ವೈರ್ ಕಿತ್ತರೆ ಚಾರ್ಜ್ ಸರಸರ ಇಳಿಯುತ್ತದೆ. ಅಕ್ಕ ಅಂಗೈಯನ್ನು ಅದರ ಬಿಸಿಯೇರಿದ ಬೆನ್ನಿಗೆ ಒತ್ತಿ ತಲೆಯಾಡಿಸುತ್ತಾರೆ. "ಇದು ಕೆಟ್ಟದ್ದಲ್ಲ ಅಮ್ಮ, ಆ ನಕ್ಷೆ ಹುಡುಗಿಗೆ ಇದೇ ಬೇಕಿತ್ತು. ಇವರಿಗೆ ಮಾತು ಮಧ್ಯದಲ್ಲಿ ನಿಲ್ಲಬಾರದು, ಅಷ್ಟೇ."

ತೆಳ್ಳಗಿನದು ಮುಂದೆ ಬರುತ್ತದೆ. ಅದರಲ್ಲಿ ಫ್ಯಾನೇ ಇಲ್ಲ, ವೈರ್ ಕಿತ್ತರೂ ಚಾರ್ಜ್ ನಿಲ್ಲುತ್ತದೆ. ಡ್ರೈವರ್ ಬಹಳ ಹೊತ್ತು ಟೈಪ್ ಮಾಡುತ್ತಾರೆ. ಆಮೇಲೆ ದನಿ ಸ್ವಚ್ಛವಾಗಿ ಕೇಳುತ್ತದೆ:

"ಏನೇ, ನೀನೂ ಆ ಅಕ್ಕನೂ ಆಗ್ಲಿಂದ ನಿಂತೇ ಇದ್ದೀರಲ್ಲ. ಕಾಲು ನೋಯಲ್ವಾ?"

ಲೋಹದ ತಗಡಿನಿಂದ ಒಬ್ಬ ಗಂಡ ಮನೆಗೆ ಮರಳಿದ್ದಾನೆ. ಹೆಂಡತಿ ಖಾಲಿ ರಟ್ಟಿನ ಡಬ್ಬದ ಮೇಲೆ ಕುಸಿದು ಕೂತು ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. "ಇದೇ ಇರ್ಲಿ. ನಿನಗೆ ನಾವೇನು ಕೊಡೋಣ ಹೇಳಮ್ಮ."

ಅಕ್ಕ ಬಾಗಿಲ ಕಡೆ ನೋಡುತ್ತಾರೆ. ಓನರ್ ಬರುವ ಹೊತ್ತಾಗಿದೆ.

"ಏನೂ ಬೇಡ. ಇಲ್ಲಿಗೆ ಇನ್ನೆರಡು ಕುರ್ಚಿ ಬೇಕು ಅಂತ ಓನರಿಗೆ ಹೇಳಿ ಹೇಳಿ ಸಾಕಾಗಿದೆ. ಇವತ್ತು ಅವರು ಬಂದಾಗ ನೀವೇ ಒಂದು ಮಾತು ಹೇಳ್ಬಿಡಿ ಅಣ್ಣ."

ಡ್ರೈವರ್ ಆಗಲೇ ಟೈಪ್ ಮಾಡತೊಡಗಿದ್ದಾರೆ.