ಗುಳ್ಳೆ ಬಾರದ ಉಸಿರು

ದೇವನಹಳ್ಳಿಯಿಂದ ಆವತಿ ಕಡೆ ಹೋಗುವ ದಾರಿಯಲ್ಲೊಂದು ರೆಸಾರ್ಟು. ಅದರ ಈಜುಕೊಳದ ದಡದಲ್ಲಿ ವಾರವಿಡೀ ಮದುವೆ ಜೋಡಿಗಳ ಫೋಟೋ, ಭಾನುವಾರ ಬೆಳಿಗ್ಗೆ ನನ್ನ ಪಾಠ. ನಮ್ಮ ಜಿಲ್ಲೆಗೆ ಸಮುದ್ರವಿಲ್ಲದಿದ್ದರೇನು, ಸಮುದ್ರ ಗೆದ್ದು ಬಂದವರಿಗೆ ಬರವಿಲ್ಲ. ಅಂಡಮಾನಿನಲ್ಲಿ ನಾಲ್ಕು ಮೀನು ನೋಡಿದವನು ಇಲ್ಲಿ ನನಗೆ ಈಜು ಹೇಳಿಕೊಡುತ್ತಾನೆ. ಇಂಥ ಸ್ಕೂಬಾ ಶೂರರಿಗೆ ರಿಬ್ರೀದರ್ ಎಂಬ ಉಸಿರಾಟದ ಯಂತ್ರ ಪರಿಚಯಿಸುವುದು ನನ್ನ ಕಸುಬು.

ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಮುಳುಗುವ ಸ್ಕೂಬಾದಲ್ಲಿ ಬಿಟ್ಟ ಉಸಿರು ಗುಳ್ಳೆಯಾಗಿ ಹೋಗಿಬಿಡುತ್ತದೆ. ರಿಬ್ರೀದರ್ ಅದನ್ನು ಪೋಲು ಮಾಡುವುದಿಲ್ಲ. ಸುಣ್ಣದಂಥ ಪುಡಿಯಲ್ಲಿ ಹಾಯಿಸಿ, ಕೆಟ್ಟದ್ದನ್ನು ತೆಗೆದು, ಪುಟ್ಟ ಸಿಲಿಂಡರಿನಿಂದ ಚೂರು ಆಕ್ಸಿಜನ್ ಬೆರೆಸಿ ನಮಗೇ ವಾಪಸ್ ಕೊಡುತ್ತದೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಆದ ಹಾಗೆ. ಅಪಾಯ ಒಂದೇ. ಆಕ್ಸಿಜನ್ ನಿಂತರೆ ಎದೆ ಬಿಗಿಯುವುದಿಲ್ಲ, ಉಸಿರು ಕಟ್ಟುವುದಿಲ್ಲ, ಸುಖವಾಗಿ ಪ್ರಜ್ಞೆ ತಪ್ಪುತ್ತದೆ. ಅದಕ್ಕೇ ಪ್ರತಿ ಸಲ ನೀರಿಗಿಳಿಯುವ ಮುಂಚೆ ಐದು ನಿಮಿಷ ದಡದಲ್ಲಿ ಕೂತು, ಕಣ್ಣ ಮುಂದಿನ ಪುಟ್ಟ ದೀಪ ನೋಡುತ್ತಾ ಅದರಲ್ಲೇ ಉಸಿರಾಡಬೇಕು. ಆಕ್ಸಿಜನ್ ಸರಿಯಿದ್ದರೆ ದೀಪ ಹಸಿರು, ಇಳಿದರೆ ಕೆಂಪು.

ಆ ಭಾನುವಾರ ಬಂದವನು ದಾಬಸ್‌ಪೇಟೆಯಲ್ಲಿ ಗೋಡೌನ್ ಇಟ್ಟುಕೊಂಡ ಒಬ್ಬ ಜಂಬದ ಕೋಳಿ. ಮಗನ ಸಾಹಸ ನೋಡಲು ತಾಯಿಯೂ ಡಬ್ಬಿ ತುಂಬ ಅವರೆಕಾಳಿನ ಉಪ್ಪಿಟ್ಟು ಹೊತ್ತು ಬಂದಿದ್ದರು. ಮೊದಲ ಸುತ್ತಿನಲ್ಲೇ ಉತ್ತರನ ಪೌರುಷ ಬಯಲಾಯಿತು. ಸ್ಕೂಬಾದವರು ಎದೆ ತುಂಬ ಉಸಿರೆಳೆದರೆ ಕೊಂಚ ಮೇಲೇಳುತ್ತಾರೆ. ಇಲ್ಲಿ ಗಾಳಿ ಎದೆಗೂ ಯಂತ್ರದ ಗಾಳಿಚೀಲಕ್ಕೂ ಓಡಾಡಿಕೊಂಡಿರುವುದರಿಂದ ಎಷ್ಟು ಎಳೆದರೂ ದೇಹ ಮೇಲೇಳುವುದಿಲ್ಲ. ಇವನು ಎಳೆದೂ ಎಳೆದೂ ತಳದ ಟೈಲ್ಸಿಗೆ ಮೂಗು ಉಜ್ಜಿದ. ಮೇಲೆ ಬಂದು ಮೆಷಿನ್ನೇ ಸರಿಯಿಲ್ಲ ಎಂದ. ಕುಣಿಯಲಾರದವನಿಗೆ ನೆಲ ಡೊಂಕು.

ಉಪಕರಣವನ್ನು ಮೇಜಿನ ಮೇಲಿಟ್ಟು ಉಪ್ಪಿಟ್ಟಿಗೆ ಕೂತೆವು. ತಿಂದಾದ ಮೇಲೆ ಮತ್ತೆ ಐದು ನಿಮಿಷ ಕೂರು ಎಂದಾಗ ಅವನಿಗೆ ಸಿಟ್ಟು ಬಂತು. ಬೆಳಿಗ್ಗೆ ಒಂದು ಸಲ ಆಗಿದೆಯಲ್ಲ, ತಾನೇನು ಎಲ್‌ಕೆಜಿ ಮಗುವೇ ಎಂದು ಗೊಣಗಿದ. ನಾನು ಬಿಡಲಿಲ್ಲ. ಕೊನೆಗೆ ಉಸಿರಿನ ಕೊಳವೆ ಕಚ್ಚಿಕೊಂಡು ಕೂತ, ಕೈಯಲ್ಲಿ ಫೋನು ಹಿಡಿದು ಬೆಳಗಿನ ತನ್ನ ಫೋಟೋಗಳನ್ನೇ ನೋಡುತ್ತಾ.

ಸ್ವಲ್ಪ ಹೊತ್ತಿಗೆ ದೀಪ ಹಸಿರು ಬಿಟ್ಟು ಕೆಂಪಗೆ ಮಿನುಗಿತು. ಅವನ ಕಣ್ಣು ಫೋನಿನಲ್ಲೇ ಇತ್ತು. ಹೇಗಿದ್ದೀಯ ಎಂದು ಕೈ ಮಾಡಿದೆ. ಬೆರಳು ಸುತ್ತಿ, ಚೆನ್ನಾಗಿದ್ದೀನಿ ಎಂದು ತೋರಿಸಿದ, ಮುಖದಲ್ಲಿ ನಗು ಬೇರೆ. ಕೊಳವೆಯನ್ನು ಅವನ ಬಾಯಿಂದ ಕಿತ್ತೇ ಬಿಟ್ಟೆ.

ಆಕ್ಸಿಜನ್ ಸಿಲಿಂಡರಿನ ತಿರುಪು ಬಿಗಿಯಾಗಿ ಮುಚ್ಚಿತ್ತು. ಯಾರು ಮುಚ್ಚಿದ್ದು ಎಂದರೆ ತಾಯಿ ಸಂಕೋಚವಿಲ್ಲದೆ ತಾನೇ ಎಂದರು. ಒಲೆ ಉರಿಯದಿದ್ದಾಗ ಸಿಲಿಂಡರ್ ತೆರೆದಿಡುವ ಮನೆ ಅವರ ಕಡೆ ಯಾವುದೂ ಇಲ್ಲವಂತೆ. ಗ್ಯಾಸು ಸೋರಿ ನಮಗೆಲ್ಲ ಏನಾದರೂ ಆದೀತೆಂದು ನಾವು ತಿನ್ನುತ್ತಿದ್ದಾಗ ಮುಚ್ಚಿದ್ದರು.

ಮಗ ಎಗರಿಬಿದ್ದ. ಬುದ್ಧಿಯಿಲ್ಲವಾ, ನಿನ್ನನ್ನು ಯಾರು ಕರೆದದ್ದು ಎಂದು ನನ್ನ ಮುಂದೆಯೇ ಕೂಗಾಡಿದ. ಅವನ ಕಪಾಳಕ್ಕೆ ಬಾರಿಸುವಷ್ಟು ಕೋಪ ಬಂತು ನನಗೆ. ತಾಯಿ ಅವನ ಮಾತು ಕಿವಿಗೇ ಹಾಕಿಕೊಳ್ಳದೆ ನನ್ನ ಕಡೆ ತಿರುಗಿದರು.

"ಏನಪ್ಪಾ, ಇವ್ನು ನೀರೊಳಗಿದ್ದಿದ್ರೂ ಹಿಂಗೇ ಚೆನ್ನಾಗಿದೀನಿ ಅಂತ ಬೆರಳು ತೋರಿಸ್ತಿದ್ನಾ?"

"ಹೂಂ ಕಣಮ್ಮ. ತೋರಿಸ್ತಾ ತೋರಿಸ್ತಾನೇ ಹೋಗ್ಬಿಡ್ತಿದ್ದ."

ಅವರು ಮಗನ ಕೈಯಿಂದ ಫೋನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದರು. ತಿರುಪನ್ನು ನನ್ನ ಕೈಯಲ್ಲೇ ತೆರೆಸಿ, ಕುರ್ಚಿ ಎಳೆದು ಅವನ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಎದುರು ಕೂತರು.

"ಮೊದ್ಲಿಂದ ಉಸಿರಾಡು. ನಾನ್ ನೋಡ್ತೀನಿ."

ಸಮುದ್ರ ಗೆದ್ದವನು ಮತ್ತೆ ಕೊಳವೆ ಕಚ್ಚಿಕೊಂಡ. ತಾಯಿ ಅವನ ಕೈಯನ್ನು ತಮ್ಮ ಮಡಿಲಿಗೆಳೆದುಕೊಂಡರು, ದೀಪದಿಂದ ಕಣ್ಣು ಮಾತ್ರ ತೆಗೆಯಲಿಲ್ಲ.