ಹನಮಂತಪ್ಪ ಕಾಕಾ ಆರಿಸಿದ ಕಾರು

ಯರಗುಪ್ಪಿಯ ಹನಮಂತಪ್ಪ ಕಾಕಾರ ಬಗ್ಗೆ ಬರೆಯಬೇಕು ಅನ್ನಿಸಿದ್ದು ಒಂದೇ ಕಾರಣಕ್ಕೆ. ಊರೆಲ್ಲ ‘ನಿಮಗೇ ಗೊತ್ತು’ ಅನ್ನುವಾಗ ‘ನನಗ ಗೊತ್ತಿಲ್ಲ’ ಎಂದು ಹೇಳುವುದನ್ನು ಕಲಿತ ಮನುಷ್ಯ ಅವರು. ಆ ಮಾತು ಕಲಿಯಲು ಅವರು ಕೊಟ್ಟ ಬೆಲೆ ದೊಡ್ಡದು. ನಾನು ಅವರ ಬಾಜು ಮನೆಯವನು. ಬರೆಯುವ ರೂಢಿ ಇಲ್ಲ. ಕಂಡಷ್ಟು ಹೇಳುತ್ತೇನೆ.

ಕಾಕಾ ಒಕ್ಕಲುತನದವರು. ಎರೆ ಹೊಲದಲ್ಲಿ ಹತ್ತಿ, ಕಡಲೆ ಬೆಳೆಯುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೂ ನಮ್ಮಲ್ಲಿ ಸಾಲಿನ ನಡುವಿನ ಕಳೆ ತೆಗೆಯುವ ಎಡೆ ಹೊಡೆಯಲು ಎತ್ತು ಬೇಕು. ಎತ್ತು ಕೊಳ್ಳಲು ಹೊರಟವರು ಕಾಕಾರನ್ನು ಕರೆದುಕೊಂಡೇ ಹೋಗುತ್ತಿದ್ದರು. ಅವರು ಹಲ್ಲು ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು. ಆದರೂ ಮಾತು ಕೊಡುತ್ತಿರಲಿಲ್ಲ. ಮಾರುವವನ ಮನೆಗೆ ಹೋಗುತ್ತಿದ್ದರು. ಎತ್ತು ಮನೆ ಬಿಡುವಾಗ, ದುಡ್ಡು ಎಣಿಸುವ ಮುಂಚೆ, ಆ ಮನೆಯ ಹೆಣ್ಣುಮಗಳು ಅದರ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ರೊಟ್ಟಿ ತಿನ್ನಿಸಿ ಕಳಿಸುವುದು ನಮ್ಮ ಪದ್ಧತಿ. ಆಗ ಕಾಕಾ ಎತ್ತನ್ನು ನೋಡುತ್ತಿರಲಿಲ್ಲ, ಆಕೆಯ ಮುಖ ನೋಡುತ್ತಿದ್ದರು. ಕಣ್ಣು ಒದ್ದೆಯಾದರೆ ಎತ್ತು ಒಳ್ಳೆಯದು. ಕಾಟ ಕೊಟ್ಟ ಎತ್ತಿಗೆ ಯಾರು ಅಳುತ್ತಾರೆ ಎನ್ನುತ್ತಿದ್ದರು. ಆಮೇಲೆ ‘ನಾ ಹೇಳ್ತೀನಿ, ತಗೋ’ ಎಂದರೆ ಮುಗಿಯಿತು.

ಹಾಗೆ ಹೇಳಿದವರ ಮೇಲೆ ಹೊರೆ ಇರುತ್ತದೆ. ಅವರು ನಮ್ಮೂರಿನ ಬೀರೇಶನಿಗೆ ಕೊಡಿಸಿದ ಒಂದು ಎತ್ತು ಬಿತ್ತುವ ಹೊತ್ತಿಗೇ ಮಲಗಿಬಿಟ್ಟಿತು. ಬೀರೇಶ ಒಂದು ಮಾತೂ ಆಡಿರಲಿಲ್ಲ. ಆದರೂ ಕಾಕಾ ತಮ್ಮ ಗೋದಲಿಯಿಂದ ಎತ್ತು ಬಿಚ್ಚಿ ಅವನ ಮನೆ ಮುಂದೆ ಕಟ್ಟಿ ಬಂದರು.

ಕಾಕಾರ ಮಗಳು ಸವಿತಾ. ಅವಳ ಗಂಡ ಕುಬಿಹಾಳದ ಸಿದ್ದರಾಮ, ಓಮನ್ ದೇಶದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾನೆ. ಮದುವೆಯಾದ ಮೇಲೆ ಸವಿತಾಳೂ ಅಲ್ಲಿಗೆ ಹೋದಳು. ಅವರಿರುವುದು ಸಣ್ಣ ಊರು, ಸುತ್ತ ಮರಳು. ಸವಿತಾ ಬಸುರಿಯಾದಾಗ ತೊಂದರೆ ಶುರುವಾಯಿತು. ಹೆರಿಗೆ ಆಸ್ಪತ್ರೆ ದೂರದ ಪಟ್ಟಣದಲ್ಲಿತ್ತು. ಬಸ್ಸಿಲ್ಲ. ಪ್ರತಿ ಸಲ ಯಾರದಾದರೂ ಗಾಡಿ ಕೇಳಬೇಕು. ಬೇನೆ ಬಂದಾಗ ಯಾರೂ ಸಿಗದಿದ್ದರೆ? ಸಿದ್ದರಾಮನ ಹತ್ತಿರ ಲೈಸೆನ್ಸ್ ಇತ್ತು. ಬಳಸಿದ ಸಣ್ಣ ಕಾರು ಕೊಳ್ಳಲು ಹೊರಟ. ಎರಡು ಕಾರು ಸಿಕ್ಕವು. ಯಾವುದು ಎಂದು ತಿಳಿಯದೆ ಮಾವನಿಗೆ ವಿಡಿಯೋ ಕಾಲ್ ಮಾಡಿದ.

ಫೋನು ಹಿಡಿದವನು ನಾನು. ಕಟ್ಟೆಯ ಮೇಲೆ ನಾಲ್ಕಾರು ಜನ ಕೂತಿದ್ದರು. ಬೀರೇಶ ಬಗ್ಗಿ ನೋಡಿ, “ಕಾಕಾ, ಮೊದಲ ಬಾಯಿ ತೆಗಸ್ರಿ ಅದರದು, ಹಲ್ಲು ಎಣಸೂಣು” ಎಂದ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಬಾಯಿ ತೆಗಿ ಅಂತ ಅಳಿಯನಿಗೆ ಹೇಳಿಯೇಬಿಟ್ಟರು. ಅವನು ಬಾನೆಟ್ ಎತ್ತಿ ತೋರಿಸಿದ.

ಮೊದಲನೆಯದು ಬಿಳಿ ಕಾರು. ಕೇರಳದ ಒಬ್ಬರು ದಿನಾಲು ಊರೂರಿಗೆ ಬ್ರೆಡ್ಡು ಹಾಕಲು ಓಡಿಸುತ್ತಿದ್ದರಂತೆ. ಸೀಟು ಹರಿದಿತ್ತು, ಬಣ್ಣ ಹೋಗಿತ್ತು. ಅವರು ತಾವೇ ಮುಂದೆ ಬಂದು, ಗಾಲಿ ನಾಲ್ಕೂ ಹೊಸದಾಗಿ ಹಾಕಿಸಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದರು. ಕಾಕಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದಣಿದ ಎತ್ತು, ಬೇಡ ಎಂದರು.

ಎರಡನೆಯದು ಕೆಂಪು ಕಾರು. ಹೈದರಾಬಾದ್ ಕಡೆಯ ಒಬ್ಬ ಮೇಷ್ಟ್ರದು. ನೌಕರಿ ಮುಗಿಸಿ ಊರಿಗೆ ಹೊರಟಿದ್ದರು. ಕಾರು ಓಡಿದ್ದೇ ಕಡಿಮೆ, ಮನೆ ಮುಂದೆ ನಿಂತದ್ದೇ ಹೆಚ್ಚು. ಮೈ ಮಿರಮಿರ ಮಿಂಚುತ್ತಿತ್ತು. ಗಾಲಿಯ ಗೆರೆಗಳು ಸವೆದಿರಲಿಲ್ಲ. ಸಿದ್ದರಾಮ ಅದನ್ನು ತೋರಿಸುತ್ತಿರುವಾಗ ಮೇಷ್ಟ್ರ ಹೆಂಡತಿ ಹೊರಗೆ ಬಂದರು. ಕಾರಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಕಾಕಾ ನನ್ನ ಕೈಯಿಂದ ಫೋನು ಇಸಿದುಕೊಂಡರು.

“ಸಿದ್ದರಾಮ, ಕೆಂಪು ಗಾಡಿ ತಗೋ. ನಾ ಹೇಳ್ತೀನಿ.”

ಹಿಂದಿನಿಂದ ಸವಿತಾಳ ದನಿ ಕೇಳಿತು. “ಅಪ್ಪಾ, ನೀ ಹೇಳಿದ ಮ್ಯಾಲ ಮುಗೀತು ಬಿಡು.”

ಕಾರು ಚೆನ್ನಾಗಿಯೇ ಓಡಿತು. ಗಾಲಿಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದ ಫೋಟೋ ಬಂತು. ಆಸ್ಪತ್ರೆಗೆ ಹೋಗಿ ಬಂದರು. ಕಾಕಾರ ಮಾತು ಸುಳ್ಳಾಗುವುದಿಲ್ಲ ಎಂದು ಊರಲ್ಲಿ ಎಲ್ಲರೂ ಅಂದರು.

ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಮಧ್ಯಾಹ್ನ ಹೊಲದಲ್ಲಿದ್ದಾಗ ಫೋನು ಬಂತು. ಸವಿತಾಳಿಗೆ ಬೇನೆ ಬಂದಿತ್ತು. ಆಸ್ಪತ್ರೆಯ ದಾರಿಯಲ್ಲಿ, ಸುಡುಬಿಸಿಲಲ್ಲಿ, ಮುಂದಿನ ಗಾಲಿ ಒಡೆದು ಕಾರು ರಸ್ತೆ ಬಿಟ್ಟು ಉರುಳಿತ್ತು.

“ಸವಿತಾ ಅದಾಳ್ರಿ ಮಾವಾರ,” ಎಂದ ಸಿದ್ದರಾಮ. “ಕೂಸು ಉಳೀಲಿಲ್ಲ.”

ಕಾಕಾ ಬದುವಿನ ಮೇಲೆ ಕೂತರು. ಹೊತ್ತು ಇಳಿಯುವವರೆಗೂ ಏಳಲಿಲ್ಲ. ಮನೆಗೆ ಬಂದವರು ಒಳಗೆ ಹೋಗದೆ ಗೋದಲಿಯ ಹತ್ತಿರ ನಿಂತರು.

“ಬೀರೇಶಗ ಎತ್ತು ಬಿಚ್ಚಿ ಕೊಟ್ಟೆ,” ಎಂದರು ನನಗೆ. “ಮಗಳಿಗೆ ಏನು ಬಿಚ್ಚಿ ಕೊಡ್ಲೋ?”

ನಾನು ಎತ್ತಿಗೆ ಮೇವು ಹಾಕಿದೆ.

ಅವರ ಹೆಂಡತಿ ಮೈಲಾರವ್ವ ಕಾಕಿ ಗಂಡನ ಜೊತೆ ಮಾತು ನಿಲ್ಲಿಸಿದರು. ತಾಟಿಗೆ ರೊಟ್ಟಿ ಹಾಕುತ್ತಿದ್ದರು, ಹೋಗುತ್ತಿದ್ದರು. ಸಿದ್ದರಾಮ ಬೈಯಲಿಲ್ಲ. ಅವನು ಬೈದಿದ್ದರೆ ಛಲೋ ಆಗುತ್ತಿತ್ತು ಎಂದು ಕಾಕಾ ಒಮ್ಮೆ ಅಂದರು.

ಒಡೆದ ಗಾಲಿಯ ಫೋಟೋ ಸಿದ್ದರಾಮನ ಹತ್ತಿರ ಇತ್ತು. ಕಾಕಾ ಅದನ್ನು ತರಿಸಿಕೊಂಡು ಹತ್ತಿರದ ಸಂಶಿಯ ಫಕ್ರುಸಾಬರ ಪಂಕ್ಚರ್ ಅಂಗಡಿಗೆ ಹೋದರು. ನಾನೂ ಹೋದೆ. ಗೆರೆ ಸವೆಯದ ಗಾಲಿ ಹೇಗೆ ಒಡೆಯಿತು ಎನ್ನುವುದು ಅವರ ಪ್ರಶ್ನೆ. ಫಕ್ರುಸಾಬರು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಗಾಲಿಯ ಬಾಜುವಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಅಲ್ಲೇ ನಾಲ್ಕು ಅಂಕಿ ಇದ್ದವು. ಮೊದಲ ಎರಡು ಗಾಲಿ ತಯಾರಾದ ವಾರ, ಕಡೆಯ ಎರಡು ವರ್ಷ. ಆ ಗಾಲಿ ಮೇಷ್ಟ್ರು ಕಾರು ತಂದಾಗಿನದು, ತೀರ ಹಳೆಯದು. ರಬ್ಬರು ಓಡದೆ ನಿಂತರೂ ಬಿಸಿಲಿಗೆ ಸಾಯುತ್ತದೆ ಎಂದು ಫಕ್ರುಸಾಬರು ಮೆಲ್ಲಗೆ ಹೇಳಿದರು.

ಕಾಕಾ ಫೋಟೋದ ಆ ಅಂಕಿಗಳ ಮೇಲೆ ಬೆರಳಿಟ್ಟರು.

“ಆ ತಾಯಿ ಅತ್ತದ್ದು ಖರೇನ,” ಎಂದರು. “ಗಾಡಿ ಮ್ಯಾಲ ಆಕಿಗೆ ಪ್ರೀತಿ, ಮಾಯಾ ಇತ್ತು. ನಾ ಗಾಲಿ ನೋಡೂದು ಬಿಟ್ಟು ಆಕಿ ಮುಖಾ ನೋಡಿದೆ.”

ಅಂದಿನಿಂದ ಅವರು ದನದ ಸಂತೆಗೆ ಹೋಗಲಿಲ್ಲ. ಕರೆಯಲು ಬಂದವರನ್ನು ಚಹಾ ಕುಡಿಸಿ ಕಳಿಸಿದರು. ಕಾಕಾಗೆ ಸೊಕ್ಕು ಬಂತು ಅಂದವರೂ ಇದ್ದಾರೆ.

ಮುಂದಿನ ವರ್ಷ ಹಿಂಗಾರಿ ಬಿತ್ತುವ ಹೊತ್ತಿಗೆ ಸವಿತಾಳೇ ಫೋನು ಮಾಡಿದಳು. ಮತ್ತೆ ಬಸುರಿಯಾಗಿದ್ದಳು. ಹಳೆಯ ಕಾರು ಗುಜರಿಗೆ ಹೋಗಿತ್ತು. ಇನ್ನೊಂದು ನೋಡಿದ್ದೇವೆ, ನೀ ನೋಡಿ ಹೇಳು ಎಂದಳು. ಕಾಕಾ ಫೋನನ್ನು ನನ್ನತ್ತ ಚಾಚಿದರು. ನಾನು ಫೋನು ಹಿಡಿದುಕೊಂಡೆ.

“ನನಗ ಗಾಡಿ ಗೊತ್ತಿಲ್ಲ ತಂಗಿ. ನನ್ನ ಕೇಳಬ್ಯಾಡ,” ಎಂದರು ಕಾಕಾ ಮಗಳಿಗೆ.

“ಆವಾಗ ನಿನಗ ಗೊತ್ತಿಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ,” ಎಂದಳು ಸವಿತಾ. “ನಿನಗೂ ಗೊತ್ತಿರಲಿಲ್ಲ. ಈಗ ಎಲ್ಲಾರಿಗೂ ಗೊತ್ತೈತಿ. ನೋಡಪ್ಪಾ.”

ಕಾಕಾ ಒಪ್ಪಲಿಲ್ಲ. ಫೋನು ಇಡು ಎಂದು ನನಗೆ ಸನ್ನೆ ಮಾಡಿದರು. ಆಗ ಬಾಗಿಲಲ್ಲಿ ನಿಂತಿದ್ದ ಮೈಲಾರವ್ವ ಕಾಕಿ ಬಾಯಿ ತೆರೆದರು.

“ಮಗಳು ಕರ್ಯಾಕತ್ತಾಳ. ಹೋಗ್ರಿ.”

ಗಾಲಿ ಬಲ್ಲವರು ಜೊತೆಗಿರಲಿ ಎಂದು ನಾವು ಸಂಶಿಗೆ ಹೋದೆವು. ಫಕ್ರುಸಾಬರ ಬಾಜು ಕೂತು ಫೋನು ಹಚ್ಚಿದೆವು. ಕಾಕಾ ಮೊದಲು ಗಾಲಿ ತೋರಿಸು ಎಂದರು. ನಾಲ್ಕೂ ಗಾಲಿಯ ಅಂಕಿಯನ್ನು ಓದಿಸಿದರು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯದೂ ಓದಿಸಿದರು, ಅದು ಹಳೆಯದಿತ್ತು, ಬದಲಿಸಲು ಹೇಳಿದರು. ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿಸಿದರು. ಎತ್ತನ್ನು ಹೊಲದಲ್ಲಿ ಗಳೇ ಹೂಡಿ ನೋಡಿದ ಮೇಲೆಯೇ ಕೊಳ್ಳುವ ಹಾಗೆ, ಅದೇ ಆಸ್ಪತ್ರೆಯ ದಾರಿಯಲ್ಲಿ, ಅದೇ ಮಧ್ಯಾಹ್ನದ ಬಿಸಿಲಲ್ಲಿ, ಸವಿತಾಳನ್ನು ಮನೆಯಲ್ಲಿ ಬಿಟ್ಟು ಓಡಿಸಿ ನೋಡು ಎಂದರು. ಮಾರುವವನ ಗುರುತಿನವನಲ್ಲದ ಒಬ್ಬ ಗ್ಯಾರೇಜ್ ಮೇಸ್ತ್ರಿಗೆ ತೋರಿಸು ಎಂದರು. ನಡುವೆ ಮಾರುವವರ ಮನೆಮಂದಿ ಫೋನಿನಲ್ಲಿ ಕಾಣಿಸಿಕೊಂಡರು. ಕಾಕಾ ಮುಖ ಆ ಕಡೆ ತಿರುಗಿಸಿದರು. ಅವರು ಹೋದ ಮೇಲೆಯೇ ಈ ಕಡೆ ನೋಡಿದರು.

“ಹಂಗಾರ ತಗೊಳ್ಳೇನ್ರಿ ಮಾವಾರ?” ಎಂದು ಸಿದ್ದರಾಮ ಕೇಳಿದ.

“ಮೇಸ್ತ್ರಿ ಹೇಳಿದ್ರ ತಗೋ. ನಾ ಹೇಳೂದಿಲ್ಲ.”

ಮೇಸ್ತ್ರಿ ಹೇಳಿದ. ಸಿದ್ದರಾಮ ಕೊಂಡ. ಸವಿತಾ ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದಳು, ಅದರಲ್ಲೇ ಕೂಸಿನ ಸಂಗಡ ಮನೆಗೆ ಬಂದಳು. ಹೋಗುವಾಗಲೂ ಬರುವಾಗಲೂ ಮುಟ್ಟಿದೆವು ಎನ್ನುವ ಫೋನು ಬರುವವರೆಗೂ ಕಾಕಾ ಕಟ್ಟೆ ಬಿಟ್ಟು ಏಳಲಿಲ್ಲ. ಕೂಸು ಹೆಣ್ಣು. ನಗುತ್ತಾಳೆ.

ಈಗ ಸಂತೆಯ ದಿನ ಕಾಕಾ ಸಂಶಿಯಲ್ಲಿ ಫಕ್ರುಸಾಬರ ಅಂಗಡಿ ಮುಂದೆ ಕೂತಿರುತ್ತಾರೆ. ದುಬೈ, ಕುವೈತ್ ಎಂದು ಮಕ್ಕಳು ದುಡಿಯಲು ಹೋದ ಮನೆಯವರು ಫೋನು ಹಿಡಿದುಕೊಂಡು ಬರುತ್ತಾರೆ. ಇಲ್ಲೇ ಹಳೆ ಗಾಡಿ ಕೊಳ್ಳುವವರೂ ಬರುತ್ತಾರೆ. ಕಾಕಾ ಏನೇನು ಕೇಳಬೇಕು ಎಂದು ಹೇಳಿಕೊಡುತ್ತಾರೆ. ತಗೋ ಎಂದು ಯಾರಿಗೂ ಹೇಳುವುದಿಲ್ಲ.

ನೀವು ಆ ಕಡೆ ಹೋದರೆ ಅವರನ್ನು ಕಂಡು ಬನ್ನಿ. ಹೋಗುವ ಮುಂಚೆ ನಿಮ್ಮ ಗಾಡಿಯ ಗಾಲಿಯ ನಾಲ್ಕು ಅಂಕಿ ಓದಿಕೊಂಡು ಹೋಗಿ, ಮೊದಲು ಅದನ್ನೇ ಕೇಳುತ್ತಾರೆ. ಮೊದಲನೆಯ ಕೂಸಿನ ವಿಷಯ ನೀವಾಗಿ ತೆಗೆಯಬೇಡಿ. ಸ್ವಲ್ಪ ಹೊತ್ತು ಕೂತರೆ ಅವರೇ ಹೇಳುತ್ತಾರೆ. ಸುಮ್ಮನೆ ಕೇಳಿಸಿಕೊಳ್ಳಿ.