ಗಾಡಿಯ ತುಂಬ ಈಚೆ ದಡದ ಮಣ್ಣು

ಬೇಸಿಗೆಯಲ್ಲಿ ನಮ್ಮ ವೇದಾವತಿಯನ್ನು ನೋಡಿದವರು, ಇದಕ್ಕೆ ಹೊಳೆಯೆಂಬ ಹೆಸರು ಬೇರೆ ಕೇಡು ಅಂದುಕೊಳ್ಳುತ್ತಾರೆ. ಮರಳಿನ ನಡುವೆ ಒಂದೆಳೆ ನೀರು, ಅದರಲ್ಲಿ ಬಿದ್ದುಕೊಂಡ ಎಮ್ಮೆಗಳು. ಸಂತೆಗೆ ಹೋಗುವ ಹೆಂಗಸರು ಬುಟ್ಟಿ ಹೊತ್ತು, ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ ದಾಟುತ್ತಾರೆ. ಗಾಡಿಯ ಎತ್ತುಗಳು ನಡುವೆ ನಿಂತು ನೀರು ಕುಡಿದು, ಮನಸ್ಸು ಬಂದಾಗ ಮುಂದೆ ಹೋಗುತ್ತವೆ. ಮುಂಗಾರಿನಲ್ಲಿ ಬಂದು ನೋಡಬೇಕು. ಬಾಬಾಬುಡನ್ ಬೆಟ್ಟದ ಮೇಲೆ ಮಳೆ ಹಿಡಿದು, ಅಯ್ಯನಕೆರೆ, ಮದಗದ ಕೆರೆ ಎರಡೂ ಕೋಡಿ ಬಿದ್ದವೆಂದರೆ, ನಮ್ಮೂರಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ದಡದಿಂದ ದಡಕ್ಕೆ ಕೆಂಪಗೆ ತುಂಬಿ ಬರುತ್ತದೆ. ಆಗ ಹರಿಗೋಲಿನವನೇ ನಮಗೆ ಅಮಲ್ದಾರ. ಅವನು ಹೂಂ ಅಂದರೆ ದಾಟಬೇಕು, ಊಹೂಂ ಅಂದರೆ ಮನೆಗೆ ಹೋಗಿ ಮಲಗಬೇಕು.

ನನ್ನ ಗಂಡನ ಮನೆ ಪಂಚನಹಳ್ಳಿಯ ಕಡೆ, ತವರು ಅಜ್ಜಂಪುರದ ಕಡೆ. ನಡುವೆ ಈ ಹೊಳೆ. ನಾನು ಚೊಚ್ಚಲ ಬಸುರಿಯಾದ ವರ್ಷವೇ ನಮ್ಮೂರ ಹತ್ತಿರ ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ಮಹಾರಾಜರ ಸರ್ಕಾರದ ಕೆಲಸ. ಕಲ್ಲು ಕೆತ್ತುವ ಸದ್ದು ನಮ್ಮ ಅಡಿಗೆ ಮನೆಯವರೆಗೂ ಕೇಳುತ್ತಿತ್ತು. ಕೆಲಸ ನೋಡಿಕೊಳ್ಳುವ ಓವರ್ಸಿಯರು ತಲೆಗೆ ದೊಡ್ಡ ರುಮಾಲು ಸುತ್ತಿಕೊಂಡು ಸೈಕಲ್ಲಿನ ಮೇಲೆ ಬರುತ್ತಿದ್ದರು. ಊರಿನ ನಾಯಿಗಳಿಗೆ ಅದೇ ಮೊದಲ ಸೈಕಲ್ಲು, ಅವಕ್ಕೂ ಅದು ಒಂದು ಉದ್ಯೋಗವಾಗಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಇದೊಂದು ಶಾಸ್ತ್ರ. ತುಂಬು ಬಸುರಿ ಹೊಳೆ ದಾಟಬಾರದು, ಇದು ಇನ್ನೊಂದು ಶಾಸ್ತ್ರ. ಎರಡಕ್ಕೂ ಜಗಳ ಬರದ ಹಾಗೆ ಐದನೇ ತಿಂಗಳಲ್ಲೇ ಕಳಿಸಿಬಿಡುವುದು ಹೊಳೆಯ ಆಚೀಚೆಯವರ ರೂಢಿ. ಆ ಪ್ರಕಾರ ಯುಗಾದಿ ಕಳೆದ ಕೂಡಲೇ ನಮ್ಮಣ್ಣ ಗಾಡಿ ಕಟ್ಟಿಕೊಂಡು ಕರೆಯಲು ಬಂದ. ಆದರೆ ನಮ್ಮ ಮಾವನಿಗೆ ಓವರ್ಸಿಯರ ಮಾತೆಂದರೆ ವೇದವಾಕ್ಯ. "ಮುಂದಿನ ತಿಂಗಳು ಸೇತುವೆ ಮುಗೀತೈತೆ ಕಣಪ್ಪಾ. ಆ ಕಲ್ಲು ಗುಂಡಿ ಹಾದೀಲಿ ಬಸುರಿ ಹೆಂಗಸನ್ನ ಯಾಕೆ ಕುಲುಕ್ತೀಯ? ರಾಜಬೀದೀಲಿ ಕಳಿಸ್ದಂಗೆ ಕಳಿಸ್ತೀನಿ, ಹೋಗು" ಅಂದರು. ಅಣ್ಣ ಹೋಳಿಗೆ ಉಂಡು ಹೋದ. ಸರ್ಕಾರದ ಮುಂದಿನ ತಿಂಗಳು ಎಷ್ಟು ದೂರವೆಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಸುಣ್ಣ ಬರಲಿಲ್ಲ. ಅದರ ಮುಂದಿನ ತಿಂಗಳು ಸುಣ್ಣ ಬಂತು, ಹೊಳೆಗೆ ನೀರೂ ಬಂತು. ಆಮೇಲೆ ಆಷಾಢ, ತುಂಬಿದ ಹೊಳೆ ನೋಡಿ ಹರಿಗೋಲಿನವನೇ ಊಹೂಂ ಅಂದ. ಶ್ರಾವಣ ಬರುವ ಹೊತ್ತಿಗೆ ಸೇತುವೆ ಮುಗಿದಿತ್ತು, ಪಕ್ಕದ ತಡೆಗೋಡೆ ಮಾತ್ರ ಬಾಕಿ. ನನಗೂ ಒಂಬತ್ತರಲ್ಲಿ ಬಿದ್ದಿತ್ತು. ಗಾಡಿಗಳನ್ನು ಬಿಡುತ್ತಿದ್ದಾರೆಂದು ಕೇಳಿದ ದಿನ ನಾನು ಪೆಟ್ಟಿಗೆಗೆ ಸೀರೆ ಜೋಡಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಎಲ್ಲಿಗೆ?"

"ತವರಿಗೆ. ಸೇತುವೆ ಆಯ್ತಲ್ಲ."

"ಸೇತುವೆ ಕೆಳಗೆ ಏನೈತೆ?"

"ಹೊಳೆ."

"ಹೂಂ. ಸೀರೆ ಎತ್ತಿಡು."

ನನ್ನ ಅತ್ತೆ ಹೆಚ್ಚು ಮಾತಿನವರಲ್ಲ. ಅವರು ಕೆಟ್ಟವರೂ ಅಲ್ಲ. ಊರಿನ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ಹೆರಿಗೆಗೆ ಅವರಿಗಿಂತ ಗಟ್ಟಿ ಕೈ ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಹಾಗಾಗಿ ನನಗೆ ಜೀವಭಯವೇನೂ ಇರಲಿಲ್ಲ. ನನಗೆ ಅವ್ವ ಬೇಕಿತ್ತು, ಅಷ್ಟೇ. ಬೆನ್ನು ನೋಯುವಾಗ ಅವ್ವನ ಕೈ ಬೇಕಿತ್ತು, ಬಾಣಂತನದಲ್ಲಿ ಅವಳು ಮಾಡಿದ ಮೆಣಸಿನ ಸಾರು ಉಣ್ಣಬೇಕಿತ್ತು. ಅದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಇಲ್ಲಿ ನಿನಗೇನು ಕಡಿಮೆಯಾಗಿದೆ ಅನ್ನುತ್ತಾರೆ.

ಆವತ್ತಿನಿಂದ ನಮ್ಮ ಜಗಲಿಯಲ್ಲಿ ಪಂಚಾಯ್ತಿ ಶುರುವಾಯಿತು. ನಮ್ಮ ಯಜಮಾನರು ಕಡೂರಿನಲ್ಲಿ ಇಂಗ್ಲಿಷು ಓದಿದವರು, ಅವರು ರೈಲಿನ ಉಪಾಯ ಹೇಳಿದರು. ರೈಲು ಹತ್ತಿಸಿದರೆ ಬೀರೂರಿನ ಮೇಲೆ ಹಾದು ಅಜ್ಜಂಪುರಕ್ಕೇ ಇಳಿಸುತ್ತದೆ, ಗಾಡಿಯ ಗೋಜೇ ಇಲ್ಲ.

"ರೈಲೇನು ಹೊಳೆ ಮೇಲೆ ಹಾರ್ಕೊಂಡು ಹೋಗ್ತೈತಾ?" ಅಂದರು ಅತ್ತೆ.

ಮಾವ ತಮ್ಮ ತಪ್ಪಿನಿಂದ ಇಷ್ಟೆಲ್ಲ ಆಯಿತೆಂಬ ಅಳುಕಿನಲ್ಲಿದ್ದರು. ಅವರು ಯೋಚನೆ ಮಾಡಿ ಮಾಡಿ, ಹೊಳೆಯ ತಲೆಯನ್ನೇ ಸುತ್ತಿಕೊಂಡು ಹೋದರೆ ಹೇಗೆ ಅಂದರು. ಬೆಟ್ಟದಲ್ಲಿ ಹೊಳೆ ಹುಟ್ಟುವ ಜಾಗಕ್ಕಿಂತ ಮೇಲೆ ಹೋಗಿ ಆ ಕಡೆ ಇಳಿದರೆ ದಾಟಿದ ಹಾಗಾಗುವುದಿಲ್ಲವಲ್ಲ.

"ಒಂಬತ್ತು ತಿಂಗಳ ಬಸುರೀನ ಬಾಬಾಬುಡನ್ ಬೆಟ್ಟ ಹತ್ತಿಸ್ತೀರಾ?" ಅಂತ ನಾನೇ ಒಳಗಿನಿಂದ ಕೇಳಿದೆ.

"ಬಾಲದ ಕಡೆ ಸುತ್ತಿದ್ರೆ?" ಅಂದರು ಮಾವ, ಸೋಲದೆ.

ಯಜಮಾನರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಈ ಹೊಳೆ ತುಂಗಭದ್ರೆಗೆ ಸೇರುತ್ತದೆ, ತುಂಗಭದ್ರೆ ಕೃಷ್ಣೆಗೆ ಸೇರುತ್ತದೆ, ಕೃಷ್ಣೆ ಮೂಡಲ ಸಮುದ್ರಕ್ಕೆ ಬೀಳುತ್ತದೆ. ಅದರ ಬಾಲ ಸುತ್ತಬೇಕಾದರೆ ಹಡಗು ಹತ್ತಬೇಕು. ನಮ್ಮ ಎಮ್ಮೆ ಮೀಯುವ ನೀರು ಸಮುದ್ರದವರೆಗೂ ಹೋಗುತ್ತದೆಂದು ಮಾವನಿಗೆ ಅಂದೇ ಗೊತ್ತಾದದ್ದು. ಅವರು ಆ ಸುದ್ದಿಯನ್ನು ಊರಲ್ಲೆಲ್ಲ ಹಂಚಲು ಹೊರಟು, ನನ್ನ ವಿಷಯವನ್ನು ಅಲ್ಲಿಗೇ ಬಿಟ್ಟರು.

ಕೊನೆಗೆ ಮಠದ ಅಯ್ಯನವರನ್ನು ಕೇಳುವುದೆಂದಾಯಿತು. ಅವರು ದೊಡ್ಡ ಮನಸ್ಸಿನವರು. ಹೊಳೆ ದಾಟಬಾರದೆಂದು ಹಿಂದಿನವರು ಹೇಳಿದ್ದು ಪ್ರವಾಹಕ್ಕೆ ಹೆದರಿ, ಸೇತುವೆ ನೆಲವಿದ್ದ ಹಾಗೆ, ದೋಷವಿಲ್ಲ, ಕಳಿಸಿಕೊಡಿ ಅಂತ ಹೇಳಿ ಕಳಿಸಿದರು. ನಾನು ಮತ್ತೆ ಪೆಟ್ಟಿಗೆ ತೆಗೆದೆ. ಅತ್ತೆ ಮಠದ ದಿಕ್ಕಿಗೆ ಕೈ ಮುಗಿದು, "ಅಯ್ನೋರು ದೊಡ್ಡೋರು. ಆದ್ರೆ ಬಸುರಿನ ವಿಷ್ಯ ಅವ್ರಿಗೇನು ಗೊತ್ತು?" ಅಂದರು.

ನನ್ನದು ಮೊದಲಿನಿಂದಲೂ ಬಾಯಿ ಬೊಂಬಾಯಿ. ಅಲ್ಲಿಯವರೆಗೆ ತಡೆದಿದ್ದೇ ಹೆಚ್ಚು. ರಾಗಿ ಕೇರುತ್ತಿದ್ದ ಮೊರವನ್ನು ಕುಕ್ಕಿ, "ಸೇತುವೆ ಮೇಲೆ ಹಾಸಿರೋ ಗರಸು ಮಣ್ಣು ನಮ್ಮ ದಿಬ್ಬದಿಂದ ತಾನೇ ಹೊತ್ತಿದ್ದು? ನಮ್ಮೂರ ಮಣ್ಣಿನ ಮೇಲೇ ನಡ್ಕೊಂಡು ಹೋದ್ರೆ ಅದು ದಾಟಿದಂಗೆ ಹೆಂಗಾಗ್ತೈತೆ? ನಿಮಗೆ ನಾನು ತವರಿಗೆ ಹೋಗೋದೇ ಬೇಕಿಲ್ಲ, ಅದನ್ನ ಹೇಳಿ" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಹಾಗೆ ಹೋಯಿತು. ಅತ್ತೆಗೆ ಎದುರು ಕೂತು ಹಾಗೆ ಮಾತಾಡಿದವರು ಆ ಮನೆಯಲ್ಲಿ ಅದುವರೆಗೆ ಇರಲಿಲ್ಲ.

ಅವರು ಬೈಯಲಿಲ್ಲ. ಮೊರವನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಕೇರತೊಡಗಿದರು. ತಲೆ ಎತ್ತದೆ ಹೇಳಿದರು.

"ನಿನ್ನ ಗಂಡ ಹೊಟ್ಟೇಲಿದ್ದಾಗ ನಮ್ಮಣ್ಣ ಕರೆಯೋಕೆ ಬಂದಿದ್ದ ಕಣವ್ವ. ಏಳನೇ ತಿಂಗ್ಳು. ನೀರು ಮೊಣಕಾಲುದ್ದ ಇತ್ತು, ಅಷ್ಟೇ. ನಮ್ಮತ್ತೆ ಬಸುರಿ ದಾಟಬಾರದು ಅಂದ್ರು. ಕೂತೆ. ದಿನ ತುಂಬೋ ಹೊತ್ತಿಗೆ ನಮ್ಮವ್ವನೇ ಬಂದ್ಲು, ಆಚೆ ದಡಕ್ಕೆ. ಹೊಳೆ ತುಂಬಿತ್ತು. ಹರಿಗೋಲಿನೋನು ಇಳಿಯಲ್ಲ ಅಂದ. ಅಲ್ಲಿ ಹೊಂಗೆ ಮರ ಐತಲ್ಲ, ಅದರ ಬುಡದಲ್ಲಿ ನಿಂತಿದ್ಲಂತೆ, ಗಂಟು ಹಿಡ್ಕೊಂಡು. ಈ ಕಡೆಯಿಂದ ನಿಮ್ಮ ಮಾವ ಹೆಗಲ ಮೇಲಿನ ವಲ್ಲಿ ಬೀಸಿ ಕೂಗಿದ್ರು, ಗಂಡು, ಗಂಡು ಅಂತ. ಆ ನೀರಿನ ಸದ್ದಲ್ಲಿ ಅವಳಿಗೆ ಕೇಳ್ತೋ ಇಲ್ವೋ. ಸಂಜೆವರೆಗೂ ನಿಂತಿದ್ದು ಹೋದ್ಲು. ನೀರು ಇಳಿಯೋ ಹೊತ್ತಿಗೆ ಅವಳಿಲ್ಲ. ಜ್ವರ ಬಂದಿತ್ತಂತೆ."

ಮೊರ ನಿಂತಿತು.

"ಈಗ ಎಲ್ಲಾರೂ ದಾಟಬೋದು, ದಾಟಬೋದು ಅಂತೀರ. ದಾಟಬೋದು ಅಂತಿದ್ರೆ ನಾನ್ಯಾಕೆ ಕೂತೆ? ನಮ್ಮವ್ವ ಯಾಕೆ ನಿಂತ್ಲು?"

ನಾನು ಪೆಟ್ಟಿಗೆಯನ್ನು ಅಟ್ಟದ ಕೆಳಗೆ ತಳ್ಳಿದೆ. ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಗಿ ಬರೀ ಅಳು ಉಳಿಯಿತು. ನನಗಾಗಿಯೋ ಅವರಿಗಾಗಿಯೋ ತಿಳಿಯಲಿಲ್ಲ.

ಮಾರನೆಯ ದಿನ ಓವರ್ಸಿಯರು ನಾಯಿಗಳ ಸಮೇತ ನಮ್ಮ ಬೀದಿಗೆ ಬಂದಾಗ, ಯಾರೊಂದಿಗೂ ಮಾತಾಡದ ಅತ್ತೆ ಸೆರಗು ಹೊದ್ದು ಅವರನ್ನು ತಡೆದು ನಿಲ್ಲಿಸಿದರು. "ಸ್ವಾಮಿ, ಸೇತುವೆ ಮೇಲಿನ ಗರಸು ಯಾವ ದಡದ್ದು?"

ಓವರ್ಸಿಯರು ಯಾವುದೋ ದೂರು ಬಂತೆಂದು ಹೆದರಿ, "ಅರ್ಧ ಈ ಕಡೇದು, ಅರ್ಧ ಆ ಕಡೇದು ತಾಯಿ. ಎರಡೂ ಒಳ್ಳೇ ಗರಸೇ" ಅಂದರು.

"ಅರ್ಧಕ್ಕೆ ತಗೊಂಡು ಹೋಗಿ ಏನ್ಮಾಡ್ಲಿ" ಅಂತ ಗೊಣಗಿಕೊಂಡು ಅತ್ತೆ ಒಳಗೆ ಬಂದರು. ಬಂದವರು ಎರಡು ಮಂಕರಿ, ಒಂದು ಸಲಿಕೆ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊಳೆಯ ಕಡೆ ಹೋದರು. ಜೊತೆಗೆ ನಮ್ಮ ಗಾಡಿ ಹೊಡೆಯುವವನನ್ನೂ ಕರೆದರು. ಅವನು ಮಾವನ ವಾರಿಗೆಯವನು, ಹಾಸ್ಯದ ಮನುಷ್ಯ. ಮಂಕರಿ ಮಂಕರಿ ಮಣ್ಣು ತಂದು ಕಮಾನು ಗಾಡಿಯೊಳಗೆ ಸುರಿದು, ಅಂಗೈಯಲ್ಲಿ ತಟ್ಟಿ ಸಮ ಮಾಡಿದರು. ಮೇಲೆ ಹುಲ್ಲಿಲ್ಲ, ಕಂಬಳಿಯಿಲ್ಲ. ಗಾಡಿ ನೋಡಿದರೆ ಮೆಣಸಿನ ಸಸಿಗೆ ಮಾಡಿದ ಮಡಿಯ ಹಾಗೆ ಕಾಣುತ್ತಿತ್ತು.

"ಹತ್ತು" ಅಂದರು ನನಗೆ. "ಕಾಲು ಮಣ್ಣಿನ ಮೇಲಿರ್ಲಿ, ಎತ್ತಬೇಡ. ನೀನು ಈಚೆ ದಡದಲ್ಲೇ ಕೂತಿದೀಯ. ಹೊಳೆ ದಾಟೋದು ಗಾಡಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಆವತ್ತು. ಮಾವ ನಗು ತಡೆಯಲಾರದೆ ದನದ ಕೊಟ್ಟಿಗೆಗೆ ಹೋದರು. ಯಜಮಾನರು ಏನೋ ಹೇಳಲು ಬಾಯಿ ತೆರೆದರು, ನಾನು ಕಣ್ಣು ಬಿಟ್ಟೆ, ಹೋಗಿ ಪೆಟ್ಟಿಗೆ ತಂದು ಗಾಡಿಗಿಟ್ಟರು. ಅತ್ತೆಯೂ ಹತ್ತಿ ನನ್ನ ಪಕ್ಕ ಕೂತರು. ಹಿಂದಿನ ರಾತ್ರಿಯೇ ಅವರು ನಮ್ಮಣ್ಣನಿಗೆ ಹೇಳಿ ಕಳಿಸಿದ್ದರೆಂದು ದಾರಿಯಲ್ಲಿ ಗೊತ್ತಾಯಿತು. ಅವ್ವನನ್ನು ಕರೆದುಕೊಂಡು ಅವನು ಆಚೆ ದಡಕ್ಕೆ ಬರುತ್ತಾನಂತೆ.

"ಇನ್ನೊಂದು ಮಾತು" ಅಂದರು ಅತ್ತೆ, ಗಾಡಿಯವನಿಗೂ ಕೇಳುವ ಹಾಗೆ. "ಈ ಮಣ್ಣನ್ನ ಒಂದು ಹಿಡಿ ಬಿಡದಂಗೆ ವಾಪಸ್ ತರಬೇಕು. ನಮ್ಮ ದಡದ ಮಣ್ಣು ಅಲ್ಲಿ ಬಿಟ್ರೆ ಸೊಸೇನೂ ಅಲ್ಲೇ ಉಳ್ಕೊಂಡ್ಬಿಡ್ತಾಳೆ."

"ಆಗ್ಲಿ ಬಿಡಮ್ಮ, ಬಾಚ್ಕೊಂಡು ಬತ್ತೀನಿ" ಅಂದ ಅವನು.

ಸೇತುವೆಯ ಬಾಯಿಗೆ ಬಂದಾಗ ಎತ್ತುಗಳೂ ಒಮ್ಮೆ ನಿಂತವು. ಅವಕ್ಕೂ ಹೊಸದು. ಹೊಳೆಯ ನಡುವೆ ನಿಂತು ನೀರು ಕುಡಿದು ದಾಟಿ ಅವಕ್ಕೆ ರೂಢಿ, ಇಲ್ಲಿ ನೋಡಿದರೆ ನೀರು ಕಾಲ ಕೆಳಗೆ ಎಲ್ಲೋ ಆಳದಲ್ಲಿ ಸದ್ದು ಮಾಡುತ್ತಿದೆ. ಪಕ್ಕದಲ್ಲಿ ಗೋಡೆಯಿಲ್ಲ. ಅತ್ತೆ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒತ್ತಿ ಗುರುತು ಬಿತ್ತು. ನನಗೆ ಧೈರ್ಯ ಹೇಳಲು ಹಿಡಿದಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಅವರೇ ಕಣ್ಣು ಮುಚ್ಚಿ ಕೂತಿದ್ದರು. ನಮ್ಮ ಯಜಮಾನರು ಹುಟ್ಟಿದ ವರ್ಷ ನೀರು ಇಳಿದ ಮೇಲೆ ಒಮ್ಮೆ ತಮ್ಮವ್ವನ ಸಮಾಧಿಗೆ ಹೋಗಿ ಬಂದವರು ಮತ್ತೆ ಆ ದಡಕ್ಕೆ ಕಾಲಿಟ್ಟಿರಲಿಲ್ಲ.

ಆಚೆ ತುದಿಯಲ್ಲಿ ಅವ್ವ ನಿಂತಿದ್ದಳು. ಕೈಯಲ್ಲಿ ಗಂಟಿತ್ತು. ಹೊಟ್ಟೆ ಹೊತ್ತು ನಾನು ಹೇಗೆ ಇಳಿದೆನೋ, ಅವಳ ಹೆಗಲಿಗೆ ಮುಖ ಒತ್ತಿ ಮಕ್ಕಳ ಹಾಗೆ ಅತ್ತುಬಿಟ್ಟೆ. ಆ ಬಸುರಿನಲ್ಲಿ ಹುಟ್ಟಿದ ನನ್ನ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಆ ಹೆಗಲಿನ ಹರಳೆಣ್ಣೆಯ ವಾಸನೆ ಮಾತ್ರ ಈಗಲೂ ಮೂಗಿನಲ್ಲಿದೆ.

ಅಳು ಮುಗಿದು ತಿರುಗಿ ನೋಡಿದಾಗ ಅತ್ತೆ ಗಾಡಿಯಲ್ಲಿರಲಿಲ್ಲ. ಗಾಡಿಯೊಳಗಿನ ಮಣ್ಣನ್ನು ಬಾಚಿ ಒಂದು ಮಂಕರಿಗೆ ತುಂಬಿಕೊಂಡು, ದಡದ ಇಳಿಜಾರಿನಲ್ಲಿ ಹೊಂಗೆ ಮರದ ಕಡೆ ಹೋಗುತ್ತಿದ್ದರು. ನಾನೂ ಅವ್ವನ ಕೈ ಹಿಡಿದು ಸ್ವಲ್ಪ ದೂರ ಹಿಂದೆ ಹೋದೆ. ಮರದ ಬುಡದಲ್ಲಿ ಮಂಕರಿ ಬೋರಲು ಹಾಕಿ, ಮಣ್ಣನ್ನು ಅಂಗೈಯಲ್ಲಿ ತಟ್ಟಿ ಸಮ ಮಾಡಿದರು. ಆಮೇಲೆ ಅದರ ಮೇಲೆ ಎರಡೂ ಕಾಲಿಟ್ಟು ನಿಂತರು.

"ಗಂಡು ಕಣವ್ವ" ಅಂದರು, ಮರದ ಬುಡಕ್ಕೆ. "ಕೂಗಿದ್ದು ಕೇಳ್ತೋ ಇಲ್ವೋ ಅಂತ ಹೇಳೋಕೆ ಬಂದೆ. ಗಂಡು."

ಅವರು ಮೇಲೆ ಬಂದು ಖಾಲಿ ಮಂಕರಿಯನ್ನು ಗಾಡಿಗೆ ಎಸೆದರು. ಗಾಡಿಯವನು ತಲೆ ಕೆರೆದುಕೊಂಡು, "ಅಲ್ಲಮ್ಮ, ಮಣ್ಣು ಬಿಟ್ರೆ ಸೊಸೆ ಇಲ್ಲೇ ಉಳೀತಾಳೆ ಅಂದಿದ್ರಿ" ಅಂದ.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕಡೆ ನೋಡಿದರು.

"ಸೇತುವೆ ಐತಲ್ಲೋ" ಅಂದರು. "ಬತ್ತಾಳೆ."